ಮಾರುವ ರೈತನಿಗೂ ಉಂಟು ತೂಕದ ಹಕ್ಕು

ತೂಕದ ಕಾನೂನು ಎಂದರೆ ಅಂಗಡಿಯಲ್ಲಿ ಸಾಮಾನು ಕೊಳ್ಳುವವರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಸನದ ಎಪಿಎಂಸಿಗೆ ಆಲೂಗಡ್ಡೆ ತರುವವರು, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಾರುವವರು, ಅರಕಲಗೂಡು, ಹೊಳೆನರಸೀಪುರದ ಕಡೆ ಶುಂಠಿ ಬೆಳೆಯುವವರು, ಯಾರೂ ಈ ಕಾನೂನನ್ನು ತಮ್ಮದೆಂದು ಎಣಿಸುವುದಿಲ್ಲ. ಆದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 30ನೇ ಸೆಕ್ಷನ್ ಎರಡೂ ಕಡೆಯವರನ್ನು ಕಾಯುತ್ತದೆ. ಮಾರುವಾಗ ಕಡಿಮೆ ಕೊಡುವುದು ಹೇಗೆ ಅಪರಾಧವೋ, ಮಾತಾಡಿದ ತೂಕಕ್ಕಿಂತ ಅಥವಾ ದುಡ್ಡು ಕೊಟ್ಟ ತೂಕಕ್ಕಿಂತ ಹೆಚ್ಚು ಮಾಲನ್ನು ಕೊಳ್ಳುವವನು ಪಡೆಯುವುದೂ ಹಾಗೆಯೇ ಅಪರಾಧ. ಶುಂಠಿಗೆ 60 ಕೆಜಿ ಮೂಟೆಯ ಲೆಕ್ಕದಲ್ಲಿ ರೇಟು ಮಾತಾಡಿ, ತೂಗುವಾಗ ಮೇಲೆ ಎರಡು ಕೆಜಿ ಹಾಕಿಸಿಕೊಂಡು ಅದಕ್ಕೆ ದುಡ್ಡು ಕೊಡದಿದ್ದರೆ, ಅದನ್ನು ‘ಮಂಡಿಯ ಪದ್ಧತಿ’ ಎಂದು ಸಹಿಸಿಕೊಳ್ಳಬೇಕಾಗಿಲ್ಲ.

ಈ ಕಾನೂನಿನ ಬುಡ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 1947ರ ಜನವರಿ 4ರಂದು ನೆಹರೂ ಅಡಿಗಲ್ಲು ಹಾಕಿದ ಈ ಸಂಸ್ಥೆಯನ್ನು 1950ರ ಜನವರಿ 21ರಂದು ಸರ್ದಾರ್ ಪಟೇಲ್ ಉದ್ಘಾಟಿಸಿದರು. ಪ್ಲಾಟಿನಂ ಮತ್ತು ಇರಿಡಿಯಂ ಬೆರಕೆಯ 57ನೇ ಸಂಖ್ಯೆಯ ಕಿಲೋಗ್ರಾಂ ಗಟ್ಟಿ ಇರುವುದು ಅಲ್ಲಿಯೇ. 2019ರ ಮೇ 20ರಿಂದ ಜಗತ್ತು ಕಿಲೋಗ್ರಾಂ ಅನ್ನು ಲೋಹದ ಗಟ್ಟಿಯಿಂದಲ್ಲದೆ ಪ್ಲಾಂಕ್ ಸ್ಥಿರಾಂಕದಿಂದ ನಿರೂಪಿಸುತ್ತಿದೆ. ದೇಶದ ಅಳತೆಗಳನ್ನು ಆ ಮಟ್ಟಕ್ಕೆ ಹೊಂದಿಸಿ ಕಾಯುವ ಹೊಣೆ ಈ ಪ್ರಯೋಗಾಲಯದ್ದು. ಅಲ್ಲಿಂದ ಬೆಂಗಳೂರಿನ ಪ್ರಾದೇಶಿಕ ಮಾನಕ ಪ್ರಯೋಗಾಲಯಕ್ಕೆ, ಅಲ್ಲಿಂದ ರಾಜ್ಯದ ಮಾನಕ ತೂಕಗಳಿಗೆ, ಅಲ್ಲಿಂದ ಇನ್‌ಸ್ಪೆಕ್ಟರ್ ಕೈಯಲ್ಲಿರುವ ತೂಕಗಳಿಗೆ ನಿಖರತೆ ಇಳಿದುಬರುತ್ತದೆ. ಇನ್‌ಸ್ಪೆಕ್ಟರ್ ತಂದ ತೂಕವನ್ನು ಮಂಡಿಯ ತಕ್ಕಡಿಯ ಮೇಲಿಟ್ಟು ಪರೀಕ್ಷಿಸಿ, ಸರಿ ಕಂಡರೆ ಸೀಲು ಒತ್ತುತ್ತಾರೆ. ದೆಹಲಿಯಲ್ಲಿ ಎಷ್ಟೇ ಸೂಕ್ಷ್ಮವಾಗಿ ಅಳೆದರೂ, ಹೊಳೆನರಸೀಪುರದ ಸಂತೆಯ ತಕ್ಕಡಿಗೆ ಈ ಸೀಲಿಲ್ಲದಿದ್ದರೆ ನಮಗೆ ಅದರಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಸೀಲನ್ನು ಓದುವುದು ಕಲಿಯಬೇಕು.

ಸೀಲಿನಲ್ಲಿ ವರ್ಷವೂ ತ್ರೈಮಾಸಿಕದ ಅಕ್ಷರವೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಎಲೆಕ್ಟ್ರಾನಿಕ್ ತಕ್ಕಡಿ, ವೇಬ್ರಿಡ್ಜ್, ಪೆಟ್ರೋಲ್ ಪಂಪುಗಳಿಗೆ 12 ತಿಂಗಳಿಗೊಮ್ಮೆ, ತೂಕದ ಕಲ್ಲು ಮತ್ತು ಲೀಟರ್ ಮಾಪಿಗೆ 24 ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಲೇಬೇಕು. ಪರಿಶೀಲನಾ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿರಬೇಕು. ಕಾಣದಿದ್ದರೆ ಕೇಳಿ. ಸಂಕೋಚ ಬೇಡ, ಅದು ನೋಡುವುದಕ್ಕೆಂದೇ ಇರುವ ಕಾಗದ. ಮೂಟೆ ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿಕೊಳ್ಳಿ. ವೇಬ್ರಿಡ್ಜಿನಲ್ಲಿ ತುಂಬಿದ ಗಾಡಿಯನ್ನೂ ಖಾಲಿ ಗಾಡಿಯನ್ನೂ ಒಂದೇ ಕಡೆ ತೂಗಿಸಿ, ಎರಡೂ ಚೀಟಿ ಇಟ್ಟುಕೊಳ್ಳಿ.

ಪೆಟ್ರೋಲ್ ಪಂಪಿನಲ್ಲಿ ಅನುಮಾನ ಬಂದರೆ 5 ಲೀಟರಿನ ಸೀಲು ಹಾಕಿದ ಮಾಪಿಯಲ್ಲಿ ಅಳೆದು ತೋರಿಸಲು ಕೇಳಬಹುದು. ವ್ಯತ್ಯಾಸ 25 ಮಿ.ಲೀ. ಮೀರಬಾರದು. ಮನೆಯ ಗ್ಯಾಸ್ ಸಿಲಿಂಡರ್‌ನಲ್ಲಿ ಅನಿಲವೇ 14.2 ಕೆಜಿ ಇರಬೇಕು. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಎರಡನ್ನೂ ಕೂಡಿಸಿ ನೋಡಿ, ತಂದವರಿಂದ ತೂಗಿಸಿ ಪಡೆಯಿರಿ.

ಮೋಸವಾಗಿದೆ ಎನ್ನಿಸಿದರೆ ಕೂಡಲೇ ದೂರು ಕೊಡುವುದು ಮುಖ್ಯ, ಏಕೆಂದರೆ ತಕ್ಕಡಿಯನ್ನು ಬದಲಿಸುವುದು ಸುಲಭ. ಅಂಗಡಿಯ ಹೆಸರು, ದಿನ, ಹೊತ್ತು, ಬಿಲ್ಲು ಅಥವಾ ತೂಕದ ಚೀಟಿ, ಸೀಲಿನ ಫೋಟೊ, ಬೇರೆ ಕಡೆ ತೂಗಿಸಿದ್ದರೆ ಆ ಚೀಟಿ, ಇಷ್ಟನ್ನು ಸೇರಿಸಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗಡಿಗೆ ಹೋಗಿ ತಪಾಸಣೆ ಮಾಡಿ, ತಕ್ಕಡಿ ಜಪ್ತಿ ಮಾಡುವ ಅಧಿಕಾರ 15ನೇ ಸೆಕ್ಷನ್ ಪ್ರಕಾರ ಅಧಿಕಾರಿಗಳಿಗಿದೆ. ಆದರೆ ಒಂದು ವಿಷಯ ಗಮನದಲ್ಲಿರಲಿ: ಅವರು ವಸೂಲು ಮಾಡುವ ದಂಡ ಅಥವಾ ರಾಜಿ ಶುಲ್ಕ ಸರ್ಕಾರಕ್ಕೆ ಹೋಗುತ್ತದೆ. ನಿಮ್ಮ ನಷ್ಟ ಅದರಿಂದ ತುಂಬುವುದಿಲ್ಲ.

ನಷ್ಟ ತುಂಬಿಸಿಕೊಳ್ಳಲು ಕೊಂಡವರ ದಾರಿ ಒಂದು, ಮಾರಿದವರ ದಾರಿ ಇನ್ನೊಂದು. ಮನೆಬಳಕೆಗೆ ಕೊಂಡವರು ಎರಡು ವರ್ಷದೊಳಗೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮಾಲಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಅದಕ್ಕೂ ಮುಂಚೆ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಪಡಿತರದ ತೂಕಕ್ಕೆ 1967. ಬೆಳೆ ಮಾರುವ ರೈತ ಆ ವ್ಯವಹಾರದಲ್ಲಿ ಗ್ರಾಹಕ ಅಲ್ಲದ ಕಾರಣ ಗ್ರಾಹಕ ಆಯೋಗದ ಬಾಗಿಲು ಅವನಿಗೆ ತೆರೆಯುವುದಿಲ್ಲ. ಎಷ್ಟೋ ಜನ ಅಲ್ಲಿಗೆ ನಿರಾಶರಾಗಿ ಸುಮ್ಮನಾಗುತ್ತಾರೆ. ಮಾಪನಶಾಸ್ತ್ರ ಇಲಾಖೆಯ ದೂರಿನ ಜತೆಗೆ, ಯಾರ್ಡಿನಲ್ಲಿ ಮಾರಿದ್ದರೆ ಎಪಿಎಂಸಿ ಕಾರ್ಯದರ್ಶಿಗೂ ಲಿಖಿತ ದೂರು ಕೊಡಬೇಕು. ನಿಯಮದಲ್ಲಿಲ್ಲದ ಕಡಿತವನ್ನು ರಾಜ್ಯದ 1966ರ ಎಪಿಎಂಸಿ ಕಾಯ್ದೆಯೂ ಒಪ್ಪುವುದಿಲ್ಲ.

ದೂರು ಕೊಟ್ಟ ಮೇಲೆ ಏನಾಯಿತೆಂದು ತಿಳಿಯದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆ ತಕ್ಕಡಿಯನ್ನು ಕೊನೆಯ ಬಾರಿ ಯಾವಾಗ ಪರಿಶೀಲಿಸಲಾಯಿತು, ನನ್ನ ದೂರಿನ ಮೇಲೆ ಏನು ಕ್ರಮವಾಯಿತು ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ವಕೀಲರ ನೆರವು ಬೇಕಾದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಈ ನೆರವು ಉಚಿತ.