ಹೊಸ ಆವೃತ್ತಿಯ ಲ್ಯಾಪ್‌ಟಾಪ್: ಹೆಚ್ಚಿನ ಬೆಲೆಗೆ ಹೆಚ್ಚಿನ ಕೆಲಸ ದೊರೆಯುವುದೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವರ್ತಕ ಬಾಂಧವರು ಲೆಕ್ಕಪತ್ರದ ಕೆಲಸಕ್ಕೆಂದು ನಮ್ಮಂಥವರ ಬಳಿ ಬಂದಾಗ ಇತ್ತೀಚೆಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಅದೇ ಕಂಪನಿಯವರು ಹೊಸ ಮಾಡೆಲ್ ಬಿಟ್ಟಿದ್ದಾರೆ, ಹಿಂದಿನ ವರ್ಷದ್ದಕ್ಕಿಂತ ಹತ್ತು ಸಾವಿರ ಹೆಚ್ಚು ಹೇಳುತ್ತಿದ್ದಾರೆ. ಕೊಳ್ಳಬಹುದೇ ಸ್ವಾಮಿ?" ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಇರುವ ಯಂತ್ರವನ್ನು ಬದಲಿಸಬೇಕೇ ಎಂಬುದು ಮೊದಲನೆಯದು. ಬದಲಿಸುವುದಾದರೆ ಹೊಸ ಆವೃತ್ತಿಗೆ ಕೇಳುವ ಹೆಚ್ಚುವರಿ ಹಣ ನ್ಯಾಯವಾದುದೇ ಎಂಬುದು ಎರಡನೆಯದು. ಇವೆರಡನ್ನೂ ಬೆರೆಸಿದಾಗಲೇ ವರ್ತಕರು ಮೋಸಹೋಗುತ್ತಾರೆ. ಮೊದಲ ಪ್ರಶ್ನೆಗೆ "ಹೌದು" ಎಂದುಕೊಂಡವರು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡನೆಯದಕ್ಕೂ "ಹೌದು" ಎಂದುಬಿಟ್ಟಿರುತ್ತಾರೆ.

ಇರುವ ಯಂತ್ರದ ಪರೀಕ್ಷೆ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದ ಮಾತ್ರಕ್ಕೆ ಯಂತ್ರ ಮರುದಿನವೇ ನಿಂತುಹೋಗುವುದಿಲ್ಲ. ಆದರೆ ಕಂಡುಬರುವ ಹೊಸ ಭದ್ರತಾ ದೋಷಗಳಿಗೆ ಎಂದಿನಂತೆ ತೇಪೆ ದೊರೆಯುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು, ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಮಂಡಿಗಳಲ್ಲಿ ಒಂದೇ ಲ್ಯಾಪ್‌ಟಾಪಿನಲ್ಲಿ ಬಾಕಿದಾರರ ಲೆಕ್ಕ, ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ವಿವರಣೆಗಳು ಎಲ್ಲವೂ ಇರುತ್ತವೆ. ಅದಕ್ಕೆ ಬೀಗ ಬಿದ್ದರೆ ಯಾರು ಎಷ್ಟು ಕೊಡಬೇಕೆಂಬುದೇ ಮರೆಯಾಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ಜಿಪುಣತನ ಸಲ್ಲದು.

ಹಾಗೆಂದು ಎಲ್ಲ ಹಳೆಯ ಯಂತ್ರಗಳೂ ಗುಜರಿಗೆ ಯೋಗ್ಯವಲ್ಲ. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ 8ನೇ ಪೀಳಿಗೆ ಅಥವಾ ಅನಂತರದ್ದು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಇರಬೇಕು. ಐ5-8250ಯು ಎಂದು ಬರೆದಿದ್ದರೆ ಗೆರೆಯ ಮುಂದಿನ 8 ಎಂಬ ಅಂಕಿಯೇ ಪೀಳಿಗೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ಈ ಅರ್ಹತೆಯನ್ನು ಪರೀಕ್ಷಿಸಿ ಹೇಳುತ್ತದೆ. ಯಂತ್ರ ಅರ್ಹವಾಗಿದ್ದು ನಿಧಾನವಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿರಿ. ಕೆಲಸದ ಒತ್ತಡವಿರುವ ವೇಳೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದು ಸದಾ ನೂರರ ಸಮೀಪ ನಿಂತಿದೆಯೆಂದು ನೋಡಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ನೂರು ಮುಟ್ಟಿರುತ್ತದೆ, ಪ್ರೊಸೆಸರ್ ಮಾತ್ರ ಕೈಕಟ್ಟಿ ಕುಳಿತಿರುತ್ತದೆ. ಅಂಥಲ್ಲಿ ಎಸ್‌ಎಸ್‌ಡಿ ಹಾಕಿಸಿದರೆ ಬಹುತೇಕ ರೋಗ ವಾಸಿಯಾಗುತ್ತದೆ. ಗಾಡಿಯ ಚಕ್ರ ಜಾಮಾಗಿದ್ದರೆ ಎತ್ತು ಬದಲಿಸಿ ಏನು ಫಲ?

ಇನ್ನೊಂದು ಮಾತು. ಪ್ರತಿ ತಿಂಗಳ 20ನೇ ತಾರೀಖಿನಂದು ಜಿಎಸ್‌ಟಿ ಪೋರ್ಟಲ್ ತೆರೆದುಕೊಳ್ಳದಿದ್ದರೆ ಅದಕ್ಕೆ ನಿಮ್ಮ ಲ್ಯಾಪ್‌ಟಾಪನ್ನು ದೂರಬೇಡಿರಿ. ಲಕ್ಷ ರೂಪಾಯಿಯ ಯಂತ್ರ ತಂದರೂ ಆ ದಿನ ಅದೂ ಕಾಯಲೇಬೇಕು.

ಹೆಸರು ಹೊಸದು, ಒಳಗಿನ ಸರಕು?

ಬದಲಿಸುವುದೇ ಸರಿಯೆಂದು ತೀರ್ಮಾನವಾಯಿತೆನ್ನೋಣ. ಅಂಗಡಿಯಲ್ಲಿ ಒಂದೇ ಬಗೆಯ ಎರಡು ಯಂತ್ರಗಳಿವೆ, ಒಂದು ಹಿಂದಿನ ಆವೃತ್ತಿ, ಇನ್ನೊಂದು ಹೊಸದು. ಹೊಸದರಲ್ಲಿ ಯಾವ ಭಾಗ ಹೊಸದು ಎಂಬುದೇ ಕೇಳಬೇಕಾದ ಪ್ರಶ್ನೆ.

ಇಂಟೆಲ್‌ನ ಐ5-1235ಯು 2022ರಲ್ಲಿ ಬಂದಿತು. 2023ರಲ್ಲಿ ಐ5-1335ಯು ಬಂದಿತು. 2024ರ ಜನವರಿಯಲ್ಲಿ ಹೆಸರಿಡುವ ಪದ್ಧತಿಯೇ ಬದಲಾಗಿ ಕೋರ್ 5 120ಯು ಬಂದಿತು. ಮೂರರಲ್ಲಿಯೂ 10 ಕೋರ್‌ಗಳು, 12 ಥ್ರೆಡ್‌ಗಳು, 12 ಎಂಬಿ ಕ್ಯಾಶೆ. ಗರಿಷ್ಠ ವೇಗ ಕ್ರಮವಾಗಿ 4.4, 4.6 ಮತ್ತು 5.0 ಗಿಗಾಹರ್ಟ್ಸ್. ಎರಡು ವರ್ಷಗಳಲ್ಲಿ ವೇಗದಲ್ಲಿ ಏರಿಕೆಯಾದದ್ದು ಶೇ. 14ರಷ್ಟು, ಅದೂ ಯಂತ್ರ ತಂಪಾಗಿದ್ದಾಗ ಅಲ್ಪ ಕಾಲ ಮುಟ್ಟುವ ಗರಿಷ್ಠ ವೇಗ. ಏಪ್ರಿಲ್ ತಿಂಗಳ ಚಿತ್ರದುರ್ಗದ ಬಿಸಿಲಿನಲ್ಲಿ, ತಗಡಿನ ಸೂರಿನ ಗೋದಾಮಿನೊಳಗೆ, ಜಿನ್ನಿಂಗ್ ಮಿಲ್ಲಿನ ಹತ್ತಿಯ ಧೂಳು ಫ್ಯಾನಿಗೆ ಅಂಟಿಕೊಂಡಿರುವಾಗ ಆ ವೇಗ ಎಷ್ಟು ಹೊತ್ತು ನಿಂತೀತು?

ಎಎಂಡಿಯ ಅಂಕಿಗಳು ಇನ್ನೂ ಜಾಣತನದವು. ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬೆರಡನ್ನು ನೋಡಿದರೆ ಹತ್ತು ಅಂಕಿಯ ವ್ಯತ್ಯಾಸವೆನಿಸುತ್ತದೆ. ಆ ಸರಣಿಯಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ವರ್ಷವನ್ನು ಹೇಳುತ್ತದೆ. ಒಳಗಿನ ರಚನೆ ಯಾವ ಕಾಲದ್ದೆಂದು ಹೇಳುವುದು ಮೂರನೆಯ ಅಂಕಿ. 7520ಯು ಒಳಗಿರುವುದು ಝೆನ್ 2 ಎಂಬ ಹಿಂದಿನ ರಚನೆ, 4 ಕೋರ್. 7530ಯು ಒಳಗಿರುವುದು ಝೆನ್ 3, 6 ಕೋರ್. ಎರಡರ ಡಬ್ಬಿಯ ಮೇಲೂ ರೈಜನ್ 5 ಎಂದೇ ಇರುತ್ತದೆ. ಹೊಸ ಅಕ್ಕಿಯನ್ನು ಹಳೆಯ ಅಕ್ಕಿಯೆಂದು ಮಾರುವವರನ್ನು ನಾವು ಕಂಡಿದ್ದೇವೆ. ಇಲ್ಲಿ ಅದು ತಿರುಗುಮುರುಗು.

2024ರ ಜೂನ್‌ನಿಂದ ಕೋಪೈಲಟ್ ಪ್ಲಸ್ ಎಂಬ ಗುರುತಿನ ಯಂತ್ರಗಳೂ ಬಂದಿವೆ. ಕೃತಕ ಬುದ್ಧಿಮತ್ತೆಯ ಕೆಲಸಕ್ಕೆಂದೇ ಎನ್‌ಪಿಯು ಎಂಬ ಪ್ರತ್ಯೇಕ ಭಾಗ ಅವುಗಳಲ್ಲಿರುತ್ತದೆ. ಇ-ವೇ ಬಿಲ್ಲು ತೆಗೆಯಲು, ದಾಸ್ತಾನು ಬರೆಯಲು ಆ ಭಾಗದಿಂದ ಏನೂ ಪ್ರಯೋಜನವಿಲ್ಲ. ಆದರೆ ಆ ಗುರುತು ಪಡೆಯಲು ಕನಿಷ್ಠ 16 ಜಿಬಿ ರ‍್ಯಾಮ್ ಇರಲೇಬೇಕೆಂಬ ನಿಯಮವಿದೆ. ಹೆಚ್ಚು ಹಣ ಕೊಡುವುದಾದರೆ ಆ ರ‍್ಯಾಮಿಗೆ ಕೊಡಬಹುದು, ಗುರುತಿಗಲ್ಲ.

ರ‍್ಯಾಮಿನ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ತೆಳ್ಳಗೆ ಹಗುರವಾಗಿದೆಯೆಂದು 8 ಜಿಬಿಯ ಲ್ಯಾಪ್‌ಟಾಪೊಂದನ್ನು ಕೊಂಡೆ, ಬೇಕಾದಾಗ ಇನ್ನೊಂದು 8 ಹಾಕಿಸಿದರಾಯಿತೆಂದುಕೊಂಡೆ. ಬಿಚ್ಚಿಸಿ ನೋಡಿದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು, ಬೇರೆ ಸ್ಲಾಟೂ ಇರಲಿಲ್ಲ. ಆದ್ದರಿಂದ ಕೊಳ್ಳುವಾಗಲೇ "ರ‍್ಯಾಮ್ ಸ್ಲಾಟು ಎಷ್ಟು, ಖಾಲಿ ಎಷ್ಟು" ಎಂದು ಕೇಳಿ ಬರೆಸಿಕೊಳ್ಳಿರಿ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಆದ್ದರಿಂದ ಹೊಸ ಆವೃತ್ತಿಗೆ ಕೇಳುವ ಹೆಚ್ಚಿನ ಬೆಲೆಯಲ್ಲಿ ಒಂದಂಶ ಮೆಮೊರಿಯ ದರವೂ ಆಗಿರಬಹುದು. ಹಿಂದಿನ ಆವೃತ್ತಿಯಲ್ಲಿ 16 ಜಿಬಿ ಇದ್ದು ಹೊಸದರಲ್ಲಿ 8 ಇದ್ದರೆ, ಹೊಸದೇ ಹಿಂದುಳಿದದ್ದು.

ವ್ಯತ್ಯಾಸದ ಲೆಕ್ಕ

ಹೊಳಲ್ಕೆರೆಯ ಅಡಿಕೆ ವರ್ತಕರೊಬ್ಬರ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಿಂದಿನ ಆವೃತ್ತಿಯ ಮೂಲ ಬೆಲೆ ರೂ. 40,000, ಹೊಸದರದ್ದು ರೂ. 50,000. ಲ್ಯಾಪ್‌ಟಾಪಿನ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಕ್ರಮವಾಗಿ ರೂ. 47,200 ಮತ್ತು ರೂ. 59,000. ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ವ್ಯವಹಾರಕ್ಕೆ ಕೊಂಡ ಯಂತ್ರದ ಮೇಲೆ ಹೂಡುವಳಿ ತೆರಿಗೆಯನ್ನು ಪಡೆಯಬಹುದಾದ್ದರಿಂದ ಅವರಿಗೆ ನಿಜವಾದ ವ್ಯತ್ಯಾಸ ರೂ. 10,000. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ, ವ್ಯತ್ಯಾಸ ರೂ. 11,800.

ಯಂತ್ರ ಐದು ವರ್ಷ ಬಾಳುವುದೆಂದೂ ವರ್ಷಕ್ಕೆ 300 ದಿನ ಕೆಲಸವೆಂದೂ ಹಿಡಿದರೆ 1,500 ದಿನಗಳು. ಹತ್ತು ಸಾವಿರವನ್ನು ಹಂಚಿದರೆ ದಿನಕ್ಕೆ ರೂ. 6.67. ಗುಮಾಸ್ತರ ಸಂಬಳ ತಿಂಗಳಿಗೆ ರೂ. 15,000, ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯೆಂದಾದರೆ ಒಂದು ನಿಮಿಷದ ಬೆಲೆ ರೂ. 1.25. ಅಂದರೆ ಹೊಸ ಆವೃತ್ತಿಯು ಹಿಂದಿನದಕ್ಕಿಂತ ದಿನಕ್ಕೆ ಐದೂಕಾಲು ನಿಮಿಷಕ್ಕೂ ಹೆಚ್ಚು ಕಾಲವನ್ನು ಉಳಿಸಿದರೆ ಮಾತ್ರ ಆ ಹಣ ಹಿಂದಿರುಗುತ್ತದೆ. ರಾಜಿ ಪದ್ಧತಿಯವರಿಗೆ ಆರೂಕಾಲು ನಿಮಿಷ. ಕೇಳಲು ಅಲ್ಪವೆನಿಸಬಹುದು. ಆದರೆ ಎರಡೂ ಎಸ್‌ಎಸ್‌ಡಿ ಇರುವ ಯಂತ್ರಗಳು. ಬಿಲ್ಲು ಬರೆಯುವಾಗ ಅವುಗಳ ನಡುವಿನ ವ್ಯತ್ಯಾಸ ಸೆಕೆಂಡುಗಳದ್ದು, ಮತ್ತು ಬಿಲ್ಲು ಬರೆಯುವ ಬೆರಳಿನ ವೇಗ ಯಾವ ಪ್ರೊಸೆಸರಿನಿಂದಲೂ ಏರದು. ಕಿರಾಣಿ, ಕೊಬ್ಬರಿ, ಮೆಕ್ಕೆಜೋಳದ ವ್ಯಾಪಾರದವರಿಗೆ ಈ ಐದು ನಿಮಿಷ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ.

ಫ್ಲೆಕ್ಸ್ ವಿನ್ಯಾಸ ಮಾಡುವವರು, ಫ್ಯಾಬ್ರಿಕೇಷನ್ ಷೆಡ್ಡಿನಲ್ಲಿ ಕ್ಯಾಡ್ ನಕ್ಷೆ ತೆಗೆಯುವವರು ಮುಂತಾದವರ ಲೆಕ್ಕ ಬೇರೆ. ಅವರಲ್ಲಿ ಯಂತ್ರ ಕೆಲಸ ಮುಗಿಸುವವರೆಗೆ ಮನುಷ್ಯ ಕಾಯುತ್ತಾನೆ. ಅರ್ಧ ಗಂಟೆ ಹಿಡಿಯುವ ಒಂದು ಕೆಲಸದಲ್ಲಿ ಶೇ. 15 ಉಳಿದರೂ ನಾಲ್ಕೂವರೆ ನಿಮಿಷ. ಅಂಥ ಎರಡು ಕೆಲಸ ದಿನಕ್ಕಿದ್ದರೆ ಹೊಸ ಆವೃತ್ತಿ ತನ್ನ ಬೆಲೆಯನ್ನು ತಾನೇ ದುಡಿದುಕೊಳ್ಳುತ್ತದೆ.

ಹಿಂದೆ ಮುಂದೆ ಇರುವ ತೂತುಗಳು

ಜಾಹೀರಾತಿನಲ್ಲಿ ಬರುವುದಿಲ್ಲ, ಆದರೆ ನಮ್ಮ ಕಡೆಯ ವ್ಯವಹಾರಕ್ಕೆ ಅತ್ಯಂತ ಮುಖ್ಯವಾದುದು ಯಂತ್ರದ ಪಕ್ಕದಲ್ಲಿರುವ ಪೋರ್ಟ್‌ಗಳು. ಹೊಸ ಆವೃತ್ತಿಗಳು ತೆಳ್ಳಗಾದಂತೆಲ್ಲ ಇವು ಕಡಿಮೆಯಾಗುತ್ತಿವೆ. ವೇಬ್ರಿಡ್ಜಿನ ತೂಕದ ಇಂಡಿಕೇಟರ್ ಅನೇಕ ಕಡೆ ಇಂದಿಗೂ ಒಂಬತ್ತು ಪಿನ್ನಿನ ಸೀರಿಯಲ್ ತಂತಿಯಿಂದ ಗಣಕಕ್ಕೆ ಸೇರುತ್ತದೆ. ಆ ಪೋರ್ಟು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲವೇ ಇಲ್ಲ. ಯುಎಸ್‌ಬಿ ಪರಿವರ್ತಕ ಬೇಕು. ಆ ಪರಿವರ್ತಕದ ಚಿಪ್ಪಿಗೆ ವಿಂಡೋಸ್ 11ರ ಡ್ರೈವರ್ ಇದೆಯೇ ಎಂಬುದನ್ನು ಲಾರಿ ತೂಕದ ಮೇಲೆ ನಿಂತ ಮೇಲೆ ಪರೀಕ್ಷಿಸುವುದು ತರವಲ್ಲ. ಮೂರು ಪ್ರತಿ ಬಿಲ್ಲು ಹೊಡೆಯುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ಯಾರಲಲ್ ಪೋರ್ಟಿನದೂ ಇದೇ ಕಥೆ. ಡಿಜಿಟಲ್ ಸಹಿಯ ಟೋಕನ್ ಸಾಮಾನ್ಯವಾಗಿ ಅಗಲ ಬಾಯಿಯ ಯುಎಸ್‌ಬಿಯದು. ಕೆಲವು ಹೊಸ ಯಂತ್ರಗಳಲ್ಲಿ ಟೈಪ್-ಸಿ ಮಾತ್ರ ಇರುತ್ತದೆ. ಇವುಗಳಿಗೆಲ್ಲ ಬೇಕಾಗುವ ಪರಿವರ್ತಕಗಳ ಬೆಲೆಯನ್ನು ಹೊಸ ಆವೃತ್ತಿಯ ಬೆಲೆಗೇ ಕೂಡಿಸಬೇಕು.

ದಲ್ಲಾಲಿ ಮಂಡಿಗಳಲ್ಲಿ ಡಾಸ್ ಕಾಲದ ಲೆಕ್ಕದ ತಂತ್ರಾಂಶವನ್ನು ಇನ್ನೂ ಇಟ್ಟುಕೊಂಡಿರುವವರು ವಿಶೇಷವಾಗಿ ಗಮನಿಸತಕ್ಕದ್ದು: ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, ಆದ್ದರಿಂದ ಅಂಥ ತಂತ್ರಾಂಶ ಅದರ ಮೇಲೆ ನೇರವಾಗಿ ಓಡುವುದಿಲ್ಲ. ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹದ ಅಕ್ಷರಗಳಲ್ಲಿರುವ ಹಳೆಯ ಕರಾರು ಪತ್ರಗಳೂ ಆ ಫಾಂಟ್ ಹಾಕದ ಹೊಸ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ.

ದುರಸ್ತಿಯ ಮಾತಿಗೆ ಬಂದರೆ, ವಾರಂಟಿ ಎಂಬ ಒಂದೇ ಪದದಲ್ಲಿ ಎರಡು ಅರ್ಥಗಳಿವೆ. ಇಂಜಿನಿಯರು ನಿಮ್ಮ ಅಂಗಡಿಗೆ ಬರುವುದು ಒಂದು. ಯಂತ್ರವನ್ನು ನೀವೇ ಹೊತ್ತೊಯ್ಯುವುದು ಇನ್ನೊಂದು. ಚಿತ್ರದುರ್ಗದಿಂದ ದಾವಣಗೆರೆ ಸುಮಾರು 60 ಕಿ.ಮೀ., ಬೆಂಗಳೂರು ಸುಮಾರು 200 ಕಿ.ಮೀ. ಹೊಸದುರ್ಗದ ಪಿನ್‌ಕೋಡಿಗೆ ಮನೆಬಾಗಿಲಿನ ಸೇವೆ ಇದೆಯೇ ಎಂದು ಕೇಳಿ ಲಿಖಿತವಾಗಿ ಪಡೆಯಬೇಕು. ಒಂದೇ ಲ್ಯಾಪ್‌ಟಾಪಿನಿಂದ ಇ-ವೇ ಬಿಲ್ಲು ತೆಗೆಯುವವರಿಗೆ ಅದು ಮೂರು ದಿನ ಇಲ್ಲದಿದ್ದರೆ ಆಗುವ ನಷ್ಟದ ಮುಂದೆ ಮೇಲಿನ ಐದು ನಿಮಿಷದ ಲೆಕ್ಕ ಏನೇನೂ ಅಲ್ಲ. ಹಿಂದಿನ ಆವೃತ್ತಿಯನ್ನು ಕೊಂಡು ಉಳಿದ ಹಣದಲ್ಲಿ ಒಂದಂಶವನ್ನು ಹೆಚ್ಚುವರಿ ವರ್ಷಗಳ ವಾರಂಟಿಗೆ ಹಾಕುವುದು ಅನೇಕರಿಗೆ ಹೆಚ್ಚು ಲಾಭಕರ.

ತೆರಿಗೆಯ ಬಗೆಗೆ ಸಂಕ್ಷಿಪ್ತವಾಗಿ: ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಆದಾಯ ತೆರಿಗೆಯಲ್ಲಿ ಗಣಕಗಳ ಸವಕಳಿ ಶೇ. 40, ಆ ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹೂಡುವಳಿ ತೆರಿಗೆಯಾಗಿ ಪಡೆದ ಜಿಎಸ್‌ಟಿ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಒಂದು ದಿನದಲ್ಲಿ ರೂ. 10,000 ಮೀರಿ ನಗದಾಗಿ ಕೊಟ್ಟ ಹಣ ಸವಕಳಿಯ ಲೆಕ್ಕಕ್ಕೆ ಬಾರದು, ಆದ್ದರಿಂದ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಲೇಸು. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯುವುದಿಲ್ಲ.

ಹಳೆಯದನ್ನು ಬದಲಿಗೆ ಕೊಟ್ಟರೆ ಒಂದಿಷ್ಟು ಬಿಡುತ್ತೇವೆಂದು ಅಂಗಡಿಯವರು ಹೇಳಿದರೆ, ಕೊಡುವ ಮೊದಲು ಡಿಸ್ಕನ್ನು ಬಿಚ್ಚಿಸಿ ನೀವೇ ಇಟ್ಟುಕೊಳ್ಳಿರಿ. ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ, ಮತ್ತು ನಿಮ್ಮ ಬಾಕಿದಾರರ ಪಟ್ಟಿ ಪರರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಿದ್ದಿರುವುದು ಚೆನ್ನಲ್ಲ.