ಜೂನ್ ಮೋಡ, ಫೆಬ್ರವರಿ ಬಿಸಿಲು

ಬೆಳಕಿಗೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ನಾನು ಓದಿದ್ದೆಲ್ಲ ಡಿಸೆಂಬರ್ ಬಂತೆಂದರೆ ಹುಷಾರು ಎನ್ನುತ್ತಿತ್ತು. ಸಹಜವೇ. ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು 1984ರಲ್ಲಿ ಋತುಮಾನದ ಖಿನ್ನತೆಯನ್ನು ವಿವರಿಸಿದ್ದು ಅಲ್ಲಿಯ ಚಳಿಗಾಲ ನೋಡಿ. ಯಲಹಂಕದ ನಮ್ಮ ಮನೆಯಲ್ಲಿ ಡಿಸೆಂಬರ್ ನೆಮ್ಮದಿಯ ತಿಂಗಳು. ಬೆಂಗಳೂರಿನ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಬೈಪೋಲಾರ್ ಇರುವ ನನ್ನ ಮಗ ಕುಗ್ಗುವುದು ಹಗಲು ದೊಡ್ಡದಾಗಿರುವ ಜೂನ್, ಜುಲೈನಲ್ಲೇ.

ಹಗಲಿದ್ದರೂ ಬಿಸಿಲಿರುವುದಿಲ್ಲವಲ್ಲ! ಮಾರ್ಚ್‌ನಲ್ಲಿ ದಿನಕ್ಕೆ ಎಂಟೊಂಬತ್ತು ಗಂಟೆ ಬಿಸಿಲು ಕಾಣುವ ಈ ಊರಿಗೆ ಜುಲೈನಲ್ಲಿ ಸಿಗುವುದು ಸರಾಸರಿ ನಾಲ್ಕು ಗಂಟೆಗೂ ಕಡಿಮೆ. ಒಂದು ಆಷಾಢದ ಬೆಳಿಗ್ಗೆ ಮೊಬೈಲ್ ಆ್ಯಪ್‌ನಲ್ಲಿ ಬೆಳಕು ಅಳೆದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅವನ ಓದುವ ಮೇಜಿನ ಮೇಲೆ ಇನ್ನೂರು ಲಕ್ಸ್ ದಾಟಲಿಲ್ಲ. ಮೋಡ ಕವಿದ ಟೆರೇಸಿನಲ್ಲಿ ಐದು ಸಾವಿರದ ಮೇಲಿತ್ತು. ಮೊಬೈಲಿನ ಲೆಕ್ಕ ಕರಾರುವಾಕ್ಕೇನಲ್ಲ, ಆದರೆ ಅಂತರ ಅಷ್ಟು ದೊಡ್ಡದಿದ್ದಾಗ ಕರಾರುವಾಕ್ಕು ಯಾರಿಗೆ ಬೇಕು? ಅಂದಿನಿಂದ ಮಳೆಗಾಲದಲ್ಲಿ ಅವನ ಬೆಳಗಿನ ಹಾಲು, ತಿಂಡಿ ಎಲ್ಲ ಟೆರೇಸಿನ ಶೀಟಿನ ಕೆಳಗೆ. "ಶೀತ ಆಗುತ್ತೆ ಕಣೇ, ಮಗೂನ ಒಳಗೆ ಕರ್ಕೊಂಡು ಬಾ" ಎಂದು ಅತ್ತೆ ಕೂಗುತ್ತಲೇ ಇರುತ್ತಾರೆ. ಕುಗ್ಗುವುದು ಇದರಿಂದ ನಿಂತಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಏಳುತ್ತಾನೆ. ಎದ್ದರೆ ಅರ್ಧ ಕೆಲಸ ಆದಂತೆ.

ನನಗೆ ಹೆಚ್ಚು ದಿಗಿಲು ಫೆಬ್ರವರಿಯದು, ಉನ್ಮಾದದ ಕಾಲ. ಮೋಡ ಹೋಗಿ ಆಕಾಶ ತೊಳೆದಿಟ್ಟಂತಾದಾಗ ಇವನ ನಿದ್ದೆ ಮೊದಲು ಕರಗುತ್ತದೆ. ಏರೋ ಇಂಡಿಯಾ ವಿಮಾನ ಪ್ರದರ್ಶನ ಇದ್ದ ವರ್ಷವಂತೂ ಕೇಳುವುದೇ ಬೇಡ. ವಾಯುನೆಲೆಯ ಕಡೆಯಿಂದ ದಿನವಿಡೀ ಗುಡುಗು. ರಾತ್ರಿ ಮೂರಕ್ಕೆ ಎದ್ದು ನೋಡಿದರೆ ನೆಲದ ತುಂಬಾ ತೇಜಸ್, ಸುಖೋಯ್ ಚಿತ್ರಗಳು, ಮಾತು ಒಂದರ ಮೇಲೊಂದು. ಹಸಿವಿಲ್ಲ, ಸುಸ್ತೂ ಇಲ್ಲ. ಹುಡುಗ ಖುಷಿಯಾಗಿದ್ದಾನೆ ಎಂದು ನೆಂಟರಿಗೆ ಅನ್ನಿಸುವುದು ಆಗಲೇ. ಆ ತಿಂಗಳುಗಳಲ್ಲಿ ನಮ್ಮ ಮನೆಯ ಕ್ರಮ ತಿರುವುಮುರುವು: ದಪ್ಪ ಪರದೆ, ಏಳರ ಮೇಲೆ ಮಂದ ಬಲ್ಬು, ಮೊಬೈಲು ನನ್ನ ಕೋಣೆಯಲ್ಲಿ. ಎರಡು ರಾತ್ರಿ ನಿದ್ದೆ ಕೆಟ್ಟರೆ ಡಾಕ್ಟರಿಗೆ ಫೋನು. ಅವೇಳೆಯಲ್ಲಿ ಕೈಕಾಲು ಆಡದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಬಿಸಿಲಿಗೆ ಇನ್ನೊಂದು ಮುಖವಿದೆ. ಇವನು ತೆಗೆದುಕೊಳ್ಳುವುದು ಲಿಥಿಯಂ. ಬೆವರಿ ಮೈಯ ನೀರು ಇಳಿದರೆ ರಕ್ತದಲ್ಲಿ ಔಷಧಿಯ ಮಟ್ಟ ಏರಿಬಿಡುತ್ತದೆ. ಕೈ ನಡುಕ ಜಾಸ್ತಿಯಾಯಿತೇ, ವಾಂತಿಯೇ, ನಡೆಯುವಾಗ ತೂರಾಡುತ್ತಾನೆಯೇ ಎಂದು ಏಪ್ರಿಲ್‌ನಲ್ಲಿ ಕಣ್ಣಿಟ್ಟಿರುತ್ತೇನೆ. ಶಾಲೆಯಿಂದ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆ ವಾಪಸ್ ಬಂದ ದಿನ ಜಗಳ ಖಾಯಂ.

ಎಲ್ಲವನ್ನೂ ಬೆಳಕಿನ ತಲೆಗೆ ಕಟ್ಟುವುದೂ ಸರಿಯಲ್ಲ. ಜೂನ್ ಎಂದರೆ ಮೋಡ ಮಾತ್ರವಲ್ಲ, ಹೊಸ ತರಗತಿ; ಮಾರ್ಚ್ ಎಂದರೆ ಪರೀಕ್ಷೆ. ಯಾವುದರ ಪಾಲು ಎಷ್ಟೆಂದು ಬಿಡಿಸಲು ನನ್ನ ಡೈರಿಗೆ ಆಗಿಲ್ಲ. "ನಂಗೆ ಬೇಜಾರಾದ್ರೆ ನೀನು ನನ್ನ ಮುಖ ಬಿಟ್ಟು ಆಕಾಶ ನೋಡ್ತೀಯಮ್ಮ" ಎಂದು ಮಗನೇ ಒಮ್ಮೆ ರೇಗಿದ್ದ. ಆವತ್ತಿನ ಬೇಜಾರಿಗೆ ಕಾರಣ ಗಣಿತದ ಟೆಸ್ಟು.

ಹತ್ತು ಸಾವಿರ ಲಕ್ಸ್‌ನ ದೀಪದ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದಲ್ಲ, ತರಿಸಲೇ ಎಂದು ಡಾಕ್ಟರನ್ನು ಕೇಳಿದ್ದೆ. ಬರೀ ಖಿನ್ನತೆಯ ಮಾತು ಬೇರೆ, ಬೈಪೋಲಾರ್‌ನಲ್ಲಿ ಅಷ್ಟು ಪ್ರಖರ ಬೆಳಕು ಉನ್ಮಾದಕ್ಕೆ ತಳ್ಳಬಹುದು, ನಮ್ಮ ನಿಗಾ ಇಲ್ಲದೆ ಬೇಡ ಎಂದರು. ಹಾಗಾಗಿ ಈ ಜೂನ್‌ಗೆ ಟೆರೇಸೇ ಗತಿ. ಜೊತೆಗೆ ಕಿಟಕಿ ಪಕ್ಕದ ಜಾಗ ಕೊಡಿ ಎಂದು ಕ್ಲಾಸ್ ಟೀಚರಿಗೆ ಚೀಟಿ ಬರೆದಿದ್ದೇನೆ. ಫೆಬ್ರವರಿಯಲ್ಲಿ ಅಲ್ಲಿಂದ ಎಬ್ಬಿಸಿ ಎಂದು ಇನ್ನೊಂದು ಚೀಟಿ ಬರೆಯಬೇಕಾಗುತ್ತದೆ, ಅದನ್ನು ಅವರಿಗಿನ್ನೂ ಹೇಳಿಲ್ಲ.