ಅಜ್ಜಿ ನಡೆದ ದಾರಿ



ಮೇಲುಕೋಟೆಯ ವೈರಮುಡಿ ಉತ್ಸವ ನಿಮಗೆಲ್ಲ ಗೊತ್ತು. ಫಾಲ್ಗುಣ ಮಾಸದಲ್ಲಿ ಬರುತ್ತದೆ. ಈಗ ನಾವು ಬಸ್ಸು ಹತ್ತಿ ಹೋಗುತ್ತೇವೆ. ನಮ್ಮ ಅಜ್ಜಿಯರು ಹೇಗೆ ಹೋಗ್ತಿದ್ರು? ನಡೆದೇ ಹೋಗ್ತಿದ್ರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ ಕಟ್ಟಿಕೊಳ್ತಿದ್ರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ತಿದ್ರು. ಬಿಸಿಲು ಏರುವ ಮೊದಲೇ ಹೊರಡ್ತಿದ್ರು.

ಅವರು ನಡೆದದ್ದು ಡಾಂಬರು ರಸ್ತೆಯಲ್ಲಿ ಅಲ್ಲ, ಕಾಲುದಾರಿಯಲ್ಲಿ. ಹೊಲದ ಬದು, ಕೆರೆ ಏರಿ, ಗುಂಡುತೋಪು ದಾಟಿ ಆ ದಾರಿ ಹೋಗುತ್ತಿತ್ತು. ಅಂಥ ದಾರಿಗಳ ಬಗ್ಗೆ ಈ ಪಾಠ.

ದಾರಿ ಅಂದರೆ ಬರೀ ಮಣ್ಣಲ್ಲ. ಅಲ್ಲಲ್ಲಿ ಕೊಳ ಇರುತ್ತಿತ್ತು. ಮಳೆ ಬಂದರೆ ನಿಲ್ಲಲು ಕಲ್ಲಿನ ಮಂಟಪ ಇರುತ್ತಿತ್ತು. ಬೇಸಿಗೆಯಲ್ಲಿ ಪುಣ್ಯವಂತರು ಅರವಟ್ಟಿಗೆ ಇಡುತ್ತಿದ್ದರು. ಬಂದವರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದರು. ತಲೆಹೊರೆ ಇಳಿಸುವ ಕಲ್ಲನ್ನು ನೀವು ನೋಡಿದ್ದೀರಾ? ಎರಡು ಕಲ್ಲು ನೆಟ್ಟು, ಮೇಲೆ ಒಂದು ಅಡ್ಡಕಲ್ಲು ಇಟ್ಟಿರುತ್ತಾರೆ. ತಲೆಯಷ್ಟೇ ಎತ್ತರ. ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಮತ್ತೆ ಹೊರಲು ಯಾರ ಕೈಯೂ ಬೇಡ. ಹೊರೆ ಹೊತ್ತವರ ಕಷ್ಟ ತಿಳಿದವರೇ ಆ ಕಲ್ಲು ನೆಟ್ಟಿರಬೇಕು.

ಈ ದಾರಿಗಳು ಎಷ್ಟು ಹಳೆಯವು? ಸುಮಾರು 900 ವರ್ಷದ ಹಿಂದಿನ ಮಾತು. ರಾಮಾನುಜಾಚಾರ್ಯರು ತಮಿಳುನಾಡಿನ ಶ್ರೀರಂಗದಿಂದ ನಮ್ಮ ಸೀಮೆಗೆ ಬಂದರು. ಮೊದಲು ಮಿರ್ಲೆ, ಸಾಲಿಗ್ರಾಮದ ಕಡೆ ಇದ್ದರಂತೆ. ಆಮೇಲೆ ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗೆ ಬಂದರು. ಆಗ ಇಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನ ಆಳುತ್ತಿದ್ದ. ತೊಣ್ಣೂರಿನಿಂದ ರಾಮಾನುಜರು ಮೇಲುಕೋಟೆಗೆ ಹೋಗಿ ಹಲವು ವರ್ಷ ನೆಲೆಸಿದರು. ಅವರ ಹಿಂದೆ ಜನ ನಡೆದರು. ಇವತ್ತಿಗೂ ತೊಣ್ಣೂರಿನಲ್ಲಿ ನಂಬಿನಾರಾಯಣ ಗುಡಿ ಇದೆ. ಬೆಟ್ಟಗಳ ನಡುವೆ ಕಟ್ಟಿದ ದೊಡ್ಡ ಕೆರೆ ಇದೆ.

ನಮ್ಮ ಸೀಮೆಯಲ್ಲಿ ಬೇರೆ ದಾರಿಗಳೂ ಇದ್ದವು. ಶ್ರೀರಂಗಪಟ್ಟಣದ ರಂಗನಾಥನಿಗೆ ಹೋಗುವವರು ಕಾವೇರಿಯಲ್ಲಿ ಮಿಂದು ಹೋಗುತ್ತಿದ್ದರು. ನಾಗಮಂಗಲದಲ್ಲಿ ಸೌಮ್ಯಕೇಶವ ಗುಡಿ ಇದೆ. ಅದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಜೈನರ ಹಳೆಯ ಬಸದಿ ಇದೆ. ಅಲ್ಲಿಂದ ಶ್ರವಣಬೆಳಗೊಳ ದೂರವಿಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನ ಗುಡಿ ನೋಡಲು ದೂರದಿಂದ ಜನ ಬರುತ್ತಾರೆ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದ್ದು ಯಾರು ಗೊತ್ತೇ? ಬಮ್ಮವೆ ನಾಯಕಿತಿ. ಒಬ್ಬ ಹೆಂಗಸು! ಗುಡಿ ಕಟ್ಟಿಸಿದ್ದು ರಾಜರು ಮಾತ್ರ ಅಂತ ನಾವು ತಿಳಿದಿದ್ದೆವು.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದಲ್ಲಿ ಎಲ್ಲ ದಾರಿಯೂ ಎಲ್ಲರಿಗೂ ತೆರೆದಿರಲಿಲ್ಲ. ರಾಮಾನುಜರು ಮೇಲುಕೋಟೆ ಗುಡಿಯೊಳಗೆ ದಲಿತರಿಗೆ ಪ್ರವೇಶ ಕೊಡಿಸಿದರು ಅಂತ ಹೇಳುತ್ತಾರೆ. ಆದರೆ ವರ್ಷದಲ್ಲಿ ಕೆಲವು ದಿನ ಮಾತ್ರ. ಉಳಿದ ದಿನ ಯಾಕಿಲ್ಲ ಅಂತ ನಾವು ಕೇಳಬೇಕಲ್ಲವೇ? 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂತು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವನ್ನು ಜಾತಿಯ ಕಾರಣಕ್ಕೆ ಯಾರಿಗೂ ಇಲ್ಲ ಅನ್ನುವಂತಿಲ್ಲ ಎಂದು ಅದರ 15ನೇ ವಿಧಿ ಹೇಳುತ್ತದೆ. ಹಳೆಯ ದಾರಿಗೆ ಮತ್ತೆ ಜೀವ ಕೊಡುವುದಾದರೆ ಹಳೆಯ ಮಡಿ ಮೈಲಿಗೆಯನ್ನು ಜೊತೆಗೆ ತರುವುದು ಬೇಡ.

ಈಗ ಆ ದಾರಿಗಳು ಏನಾದವು? ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಬಂತು. ಕಬ್ಬು, ಭತ್ತ ಬಂತು. ಒಳ್ಳೆಯದೇ ಆಯಿತು. ಆದರೆ ಭೂಮಿಗೆ ಬೆಲೆ ಬಂದ ಮೇಲೆ ದಾರಿ ಸಣ್ಣದಾಯಿತು. ಬದು ಪಕ್ಕದವರು ವರ್ಷಕ್ಕೆ ಒಂದು ಸಾಲು ಒಳಗೆ ಉತ್ತರು. ಹತ್ತು ವರ್ಷದಲ್ಲಿ ದಾರಿಯೇ ಇಲ್ಲ! ಬಸ್ಸು ಇತ್ತಲ್ಲ, ಯಾರೂ ಕೇಳಲಿಲ್ಲ.

ಇದರಿಂದ ತೊಂದರೆ ಯಾತ್ರೆ ಹೋಗುವವರಿಗೆ ಮಾತ್ರವೇ? ಅಲ್ಲ. ಹುಲ್ಲು ಹೊರೆ ತರುವವರು ನಾವು. ಹೊಲಕ್ಕೆ ಬುತ್ತಿ ಒಯ್ಯುವವರು ನಾವು. ದಾರಿ ಮುಚ್ಚಿದರೆ ಒಂದು ಮೈಲಿ ಸುತ್ತು ಹಾಕಬೇಕು. ಇಲ್ಲವೇ ಇನ್ನೊಬ್ಬರ ಹೊಲದಲ್ಲಿ ಕಾಲಿಟ್ಟು ಬೈಸಿಕೊಳ್ಳಬೇಕು.

ಆದರೆ ಉಳುಮೆಯಲ್ಲಿ ಹೋದ ದಾರಿ ಕಾಗದದಲ್ಲಿ ಉಳಿದಿರಬಹುದು. ಪ್ರತಿ ಊರಿಗೂ ಒಂದು ಗ್ರಾಮ ನಕಾಶೆ ಇದೆ. ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಹೋಗುವ ಒಂದು ಗೆರೆ ಕಾಲುದಾರಿ. ಅಂಥ ಗೆರೆ ಜೋಡಿಯಾಗಿದ್ದರೆ ಬಂಡಿದಾರಿ. ಊರಿನಲ್ಲಿ ಇದಕ್ಕೆ 'ನಕಾಶೆ ಕಂಡ ದಾರಿ' ಅಂತಾರೆ. ಸಾರ್ವಜನಿಕ ದಾರಿ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಅದನ್ನು ಉಳುವ ಹಕ್ಕು ಯಾರಿಗೂ ಇಲ್ಲ. ಮುಂಚೆ ಈ ನಕಾಶೆ ಶಾನುಭೋಗರ ಕಟ್ಟಿನಲ್ಲಿತ್ತು. ನಮಗೆ ಓದು ಬರುತ್ತಿರಲಿಲ್ಲ. ಅವರು ಹೇಳಿದ್ದೇ ಸತ್ಯವಾಗಿತ್ತು. ಈಗ ನಾವೇ ನೋಡಬಹುದು.

ಸತ್ತ ದಾರಿ ಮತ್ತೆ ಬದುಕಿದ್ದು ಉಂಟೇ? ಉಂಟು. ಸ್ಪೇನ್ ಅಂತ ಒಂದು ದೇಶ, ಯೂರೋಪಿನಲ್ಲಿದೆ. ಅಲ್ಲಿ ಸಾಂತಿಯಾಗೊ ಅನ್ನುವ ಊರಿಗೆ ಕ್ರೈಸ್ತರು ಸಾವಿರ ವರ್ಷದಿಂದ ನಡೆದು ಹೋಗುತ್ತಿದ್ದರು. ಕಾಲ ಕಳೆದಂತೆ ನಡೆಯುವವರು ಕಡಿಮೆಯಾದರು. 1984ರಲ್ಲಿ ಎಲಿಯಾಸ್ ವಲಿನ್ಯಾ ಎಂಬ ಹಳ್ಳಿಯ ಪಾದ್ರಿ ಹಳದಿ ಬಣ್ಣದ ಡಬ್ಬ ಹಿಡಿದು ಹೊರಟರು. ಕಲ್ಲು, ಮರ, ಗೋಡೆಗಳ ಮೇಲೆ ಬಾಣದ ಗುರುತು ಬರೆದರು. ದಾರಿ ತಪ್ಪದಂತೆ ಆಯಿತು. 2023ರಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಆ ಊರನ್ನು ಮುಟ್ಟಿದರು. ಅವರಿಗೆ ಊಟ, ಹಾಸಿಗೆ ಕೊಟ್ಟು ದಾರಿಯ ಹಳ್ಳಿಗಳು ಬದುಕುತ್ತಿವೆ.

ನಮ್ಮಲ್ಲೂ ನಡಿಗೆ ಪೂರ್ತಿ ನಿಂತಿಲ್ಲ. ಶಿವರಾತ್ರಿಗೆ ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ನೀವು ಕಂಡಿದ್ದೀರಿ. ಕಾರ್ತಿಕ ಮಾಸದಲ್ಲಿ ಮೇಲುಕೋಟೆಯಲ್ಲಿ ಅಷ್ಟತೀರ್ಥೋತ್ಸವ ನಡೆಯುತ್ತದೆ. ಬೆಟ್ಟದ ಸುತ್ತಿನ ಎಂಟು ತೀರ್ಥಗಳಿಗೆ ಜನ ನಡೆದು ಹೋಗುತ್ತಾರೆ. ತೊಟ್ಟಿಲಮಡುವಿನಲ್ಲಿ ಮಕ್ಕಳ ಭಾಗ್ಯ ಬೇಡಿ ಗಂಡ ಹೆಂಡತಿ ಸ್ನಾನ ಮಾಡುತ್ತಾರೆ. (ಅಲ್ಲಿಗೆ ಇಬ್ಬರೂ ಹೋಗಬೇಕು. ಡಾಕ್ಟರ ಹತ್ತಿರವೂ ಇಬ್ಬರೂ ಹೋಗಬೇಕು. ಹೆಂಗಸಿನ ಮೇಲೆ ಮಾತ್ರ ತಪ್ಪು ಹೊರಿಸುವುದು ಅನ್ಯಾಯ.)

ಯಾತ್ರೆಯ ದಾರಿ ಸರಿ ಮಾಡುತ್ತೇವೆ ಅಂತ ಯಾರಾದರೂ ಬಂದರೆ ನಾವು ಕೇಳಬೇಕಾದ್ದು ಕಮಾನಲ್ಲ, ಬಣ್ಣದ ದೀಪವೂ ಅಲ್ಲ. ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಹೊಂಗೆ ಮರದ ನೆರಳು. ಕೊಳದ ಹೂಳು ತೆಗೆಯುವ ಕೂಲಿ ನಮ್ಮೂರಿನವರಿಗೇ ಸಿಗಬೇಕು. ಮಜ್ಜಿಗೆ, ಪುಳಿಯೋಗರೆ ಮಾರುವ ಜಾಗ ಮಹಿಳಾ ಸಂಘಕ್ಕೆ ಬೇಕು. ಪ್ಲಾಸ್ಟಿಕ್ ಕಸ ಎತ್ತುವ ಕೆಲಸ ಮಾತ್ರ ನಮ್ಮ ಪಾಲಿಗೆ ಬರಬಾರದು. ಇನ್ನೊಂದು: ದಾರಿಯ ಬದಿಯಲ್ಲಿ ಅಕ್ಷರ ಕೊರೆದ ಕಲ್ಲು ಸಿಕ್ಕರೆ ಅದು ಶಾಸನ ಇರಬಹುದು. ಬಟ್ಟೆ ಒಗೆಯುವ ಕಲ್ಲು ಮಾಡಿಕೊಳ್ಳಬೇಡಿ.

ದಾರಿ ಮುಚ್ಚಿದ್ದರೆ ಅರ್ಜಿ ಹೀಗೆ ಬರೆಯಬಹುದು:

ಮಾನ್ಯ ತಹಶೀಲ್ದಾರ್ ಅವರಿಗೆ,
ನಮ್ಮ ಊರಿನಿಂದ ______ ಊರಿಗೆ ಹೋಗುವ ನಕಾಶೆ ಕಂಡ ದಾರಿ ಒತ್ತುವರಿ ಆಗಿದೆ. ನಮಗೆ ಓಡಾಡಲು ತೊಂದರೆ ಆಗಿದೆ. ಅಳತೆ ಮಾಡಿಸಿ ದಾರಿ ಬಿಡಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ನಕಾಶೆಯ ಪ್ರತಿ ಲಗತ್ತಿಸಿದ್ದೇವೆ.
ಇಂತಿ, ______

ಹೆಬ್ಬೆಟ್ಟು ಬೇಡ, ಸಹಿ ಹಾಕಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.

ಓದಿ, ಮಾತಾಡಿ

1. ನಿಮ್ಮ ಅಜ್ಜಿ ಯಾವ ಜಾತ್ರೆಗೆ ನಡೆದು ಹೋಗುತ್ತಿದ್ದರು? ಎಲ್ಲಿ ಉಳಿಯುತ್ತಿದ್ದರು? ಕೇಳಿ ಬರೆಯಿರಿ.
2. ಆ ದಾರಿ ಈಗ ಎಲ್ಲಿ ನಿಂತಿದೆ? ಯಾರ ಹೊಲದಲ್ಲಿ?